ಹಳಿ, ಹೊಗೆ ಮತ್ತು ಖ್ಯಾಲು: ನಮ್ಮ ತಂದೆಯವರ ಕಾಲದ ಕೆಲವು ಸಂಗತಿಗಳು

ಹುಬ್ಬಳ್ಳಿ-ಧಾರವಾಡ ಸೀಮೆಯ ಸಂಗೀತದ ಇತಿಹಾಸವನ್ನು ಬರೆದವರೆಲ್ಲ ಹಾಡಿದವರ ಹೆಸರುಗಳನ್ನು ಬರೆದಿದ್ದಾರೆ. ಅದು ಸರಿಯಾದದ್ದೇ. ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು, ಕುಮಾರ ಗಂಧರ್ವರು ಎಂದು ಒಂದೇ ಸೀಮೆಯ ಮಣ್ಣಿನಿಂದ ಇಷ್ಟು ಮಂದಿ ಮೇಲೆದ್ದು ಬಂದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಇವರೆಲ್ಲ ಹಾಡುವಾಗ ಎದುರಿಗೆ ಜಮಖಾನೆಯ ಮೇಲೆ ಕುಳಿತು ರಾತ್ರಿಯಿಡೀ ಕೇಳಿದವರು ಯಾರು? ಅವರ ಕಸುಬು ಏನಾಗಿತ್ತು? ಮರುದಿನ ಬೆಳಿಗ್ಗೆ ಅವರು ಎಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು? ಈ ಪ್ರಶ್ನೆಗಳಿಗೆ ಪುಸ್ತಕಗಳಲ್ಲಿ ಉತ್ತರ ಸಿಗುವುದು ಕಡಿಮೆ.

ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸವನ್ನು ಕಲಿಸಿದ ನನಗೆ ಈ ಕೊರತೆ ಆಗಾಗ ಕಾಡಿದ್ದುಂಟು. ನನ್ನನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಮ್ಮ ತಂದೆಯವರು ರೈಲಿನ ಡ್ರೈವರ್ ಆಗಿದ್ದರೆಂಬುದು ಗೊತ್ತು. ಅವರು ಸಂಗೀತದ ಹುಚ್ಚಿನವರಾಗಿದ್ದರೆಂಬುದು ನಮ್ಮ ಬಂಧುಗಳಿಗೆ ಗೊತ್ತು. ಈ ಎರಡೂ ಸಂಗತಿಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ಬಲ್ಲವರು ಈಗ ಉಳಿದಿರುವುದು ನಾನೊಬ್ಬಳೇ ಎಂದು ತೋರುತ್ತದೆ. ಆದ್ದರಿಂದ ಈ ಬರಹ.

ಸೀಮೆ ಮತ್ತು ಕಾಲ

ನಮ್ಮ ತಂದೆಯವರು ಹುಟ್ಟಿದ್ದು 1915ರಲ್ಲಿ, ಕುಂದಗೋಳದ ಸಮೀಪದ ಒಂದು ಹಳ್ಳಿಯಲ್ಲಿ. ಎರೆಭೂಮಿಯ ಸೀಮೆ, ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಹೊಲಗಳು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸರಕಾರಿ ಕಾಗದ ಬರುತ್ತಿದ್ದುದು ಮುಂಬಯಿಯಿಂದ, ನಾಟಕ ಕಂಪನಿಗಳು ಬರುತ್ತಿದ್ದುದು ಪುಣೆ, ಸಾಂಗಲಿ, ಮೀರಜಗಳ ಕಡೆಯಿಂದ. ಮರಾಠಿ ಸಂಗೀತ ನಾಟಕಗಳು ಊರೂರು ಸುತ್ತಿ, ಭಾಷೆ ಬಾರದವರ ಬಾಯಲ್ಲಿಯೂ ರಾಗಗಳನ್ನು ನೆಟ್ಟು ಹೋದವು. ದಕ್ಷಿಣದಲ್ಲಿ ಮೈಸೂರಿನ ಅರಸರ ಆಸ್ಥಾನವಿತ್ತು. ಉತ್ತರದ ಉಸ್ತಾದರು ದಸರೆಯ ದರಬಾರಿಗೆ ಹೋಗುವಾಗಲೂ ಬರುವಾಗಲೂ ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿಯೇ ಸಾಗಬೇಕಿತ್ತು. ದಾರಿಯಲ್ಲಿ ಇಳಿದರು, ಉಳಿದರು, ಹಾಡಿದರು, ಕೆಲವರು ಕಲಿಸಿದರು.

ಹೀಗೆ ಅವರನ್ನು ಹೊತ್ತು ತಂದದ್ದು ರೈಲು. ದಕ್ಷಿಣ ಮರಾಠಾ ರೈಲ್ವೆ ಕಂಪನಿಯು 1880ರ ದಶಕದಲ್ಲಿ ಈ ಸೀಮೆಯಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಸಿತು. ಹುಬ್ಬಳ್ಳಿಯಲ್ಲಿ ದೊಡ್ಡ ಕಾರ್ಯಾಗಾರವನ್ನು ಕಟ್ಟಿತು. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದುದರಿಂದ ಆ ಹೆಸರು. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಂದಿಗೆ ಸೇರಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ’ ಆಯಿತು. ಹಳಬರು ಅದನ್ನು ‘ಎಂ.ಎಸ್.ಎಂ.’ ಎಂದೇ ಕರೆಯುತ್ತಿದ್ದರು. ಮುಂದೆ 1944ರಲ್ಲಿ ಸರಕಾರವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. ಹೀಗೆ ನಮ್ಮ ತಂದೆಯವರು ಊರು ಬಿಡದೆಯೇ ಮೂರು ನಾಲ್ಕು ಧಣಿಗಳ ಉಪ್ಪನ್ನು ಉಂಡರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಹುಬ್ಬಳ್ಳಿಗೇ ಬಂದದ್ದನ್ನು ನೋಡಲು ಅವರಿರಲಿಲ್ಲ.

ಬಾಲ್ಯದಲ್ಲಿ ಅವರು ಕೇಳಿದ ಸಂಗೀತವೆಂದರೆ ಮಠದ ಭಜನೆ, ಏಕತಾರಿಯ ಮೇಲಿನ ತತ್ವಪದ ಮತ್ತು ಸುಗ್ಗಿಯ ನಂತರದ ದೊಡ್ಡಾಟ. ದನಿ ಚೆನ್ನಾಗಿದ್ದುದರಿಂದ ಭಜನೆಯ ಮುಂಗಡೆ ಇವರನ್ನೇ ಕೂಡ್ರಿಸುತ್ತಿದ್ದರಂತೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ದೊಡ್ಡ ದೊಡ್ಡ ಗವಾಯಿಗಳು ಬಂದು ಹಾಡುತ್ತಾರೆಂಬ ಸುದ್ದಿ ಹಳ್ಳಿಗೂ ಮುಟ್ಟುತ್ತಿತ್ತು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಆ ವಾಡೆಗೆ ಬಂದು ಹೋದವರು. ಅವರ ಶಿಷ್ಯರಾಗಿ ಬೆಳೆದವರೇ ರಾಮಚಂದ್ರ ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು. ‘ಸವಾಯಿ’ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚಿನವನೆಂದು ರಸಿಕರು ಕೊಟ್ಟ ಹೆಸರು.

ಸಂಗೀತ ಕಲಿಯಬೇಕೆಂಬ ಆಸೆ ತಂದೆಯವರಿಗೆ ಇತ್ತು. ಆದರೆ ಎರಡು ವರ್ಷ ಮಳೆ ಕೈಕೊಟ್ಟಿತು, ಸಾಲಕ್ಕೆ ಹೊಲದ ಅರ್ಧ ಹೋಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಕ್ಲೀನರ್ ಆಗಿ ಸೇರಿದರು.

ಶೆಡ್ಡಿನ ಶಾಲೆ

ಈಗಿನ ಹುಡುಗರಿಗೆ ಉಗಿಯ ಇಂಜಿನ್ನಿನ ಕೆಲಸ ಹೇಗಿತ್ತೆಂದು ಸ್ವಲ್ಪ ವಿವರಿಸಬೇಕು. ಮೊದಲು ಕ್ಲೀನರ್: ಇಂಜಿನ್ನಿನ ಮೈಯನ್ನು ಎಣ್ಣೆಯ ಹತ್ತಿಚಿಂದಿಯಿಂದ ಒರೆಸಬೇಕು, ಬೂದಿ ತೆಗೆಯಬೇಕು. ನಂತರ ಎರಡನೆಯ ಫೈರ್‌ಮನ್, ಆಮೇಲೆ ಮೊದಲನೆಯ ಫೈರ್‌ಮನ್: ಓಡುವ ಗಾಡಿಯಲ್ಲಿ ನಿಂತು ಸಲಿಕೆಯಿಂದ ಕಲ್ಲಿದ್ದಲನ್ನು ಒಲೆಗೆ ಎಸೆಯಬೇಕು. ಎಸೆಯುವುದೆಂದರೆ ಸುಮ್ಮನೆ ಸುರಿಯುವುದಲ್ಲ. ಒಲೆಯ ಯಾವ ಮೂಲೆಯಲ್ಲಿ ಬೆಂಕಿ ತೆಳುವಾಗಿದೆಯೋ ಅಲ್ಲಿಗೇ ಬೀಳುವಂತೆ ಬೀರಬೇಕು. ಆಮೇಲೆ ಶಂಟರ್, ಅಲ್ಲಿಂದ ಗೂಡ್ಸ್ ಗಾಡಿಯ ಡ್ರೈವರ್, ಕೊನೆಗೆ ಪ್ಯಾಸೆಂಜರ್ ಗಾಡಿಯ ಡ್ರೈವರ್. ಈ ಏಣಿಯನ್ನು ಹತ್ತಲು ನಮ್ಮ ತಂದೆಯವರಿಗೆ ಇಪ್ಪತ್ತು ವರ್ಷ ಹಿಡಿಯಿತು.

ರಾತ್ರಿ ಎರಡು ಗಂಟೆಗೆ ‘ಕಾಲ್ ಬಾಯ್’ ಕಂದೀಲು ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದ. ಪುಸ್ತಕದಲ್ಲಿ ಸಹಿ ಮಾಡಿ, ಮುಖ ತೊಳೆದು, ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟುಕೊಂಡು ಅಪ್ಪ ಹೊರಟರೆಂದರೆ ತಿರುಗಿ ಬರುವುದು ಮರುದಿನವೋ ಅದರ ಮರುದಿನವೋ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಮಳೆಗಾಲದಲ್ಲಿ ಇಂಜಿನ್ನಿನ ಸಲಿಕೆಯನ್ನೇ ತೊಳೆದು ಅದರ ಮೇಲೆ ಗೋವಿನಜೋಳದ ತೆನೆ ಸುಟ್ಟು ತಿನ್ನುತ್ತಿದ್ದರಂತೆ. ಅಂಥ ರುಚಿ ಯಾವ ಮನೆಯ ಒಲೆಯಲ್ಲೂ ಬರುವುದಿಲ್ಲವೆಂದು ಅವರು ಹೇಳಿದರೆ ಅವ್ವನಿಗೆ ಸಿಟ್ಟು ಬರುತ್ತಿತ್ತು.

ಒಂಟಿ ಹಳಿಯ ಮಾರ್ಗದಲ್ಲಿ ಎದುರು ಬದುರು ಗಾಡಿಗಳು ಢಿಕ್ಕಿಯಾಗದಂತೆ ತಡೆಯುವ ಉಪಾಯವನ್ನು ಅಪ್ಪ ನನಗೆ ಕಲಿಸಿದ್ದು ಎರಡು ಬೆಂಕಿಪೆಟ್ಟಿಗೆ ಮತ್ತು ಒಂದು ಗೋಲಿಗುಂಡಿನಿಂದ. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ‘ಟೋಕನ್’ ಹೊರಬರುತ್ತದೆ. ಅದು ಲೋಹದ ಒಂದು ಗುಂಡು. ಅದು ಕೈಯಲ್ಲಿಲ್ಲದೆ ಡ್ರೈವರ್ ಗಾಡಿಯನ್ನು ಬಿಡುವಂತಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು, ನಿಲ್ಲದೆ ಸಾಗುವ ಗಾಡಿಯಿಂದ ಒಂದನ್ನು ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮ ತಂದೆಯವರ ಎಡಗೈಯ ಮೇಲೆ ಆ ಬಳೆ ಬಡಿದ ಕಪ್ಪು ಗುರುತು ಕೊನೆಯವರೆಗೂ ಇತ್ತು.

ಘಾಟಿನ ಒಂದು ರಾತ್ರಿ

ಅವರ ಜೀವನದ ಸಾಹಸದ ಭಾಗವೆಲ್ಲ ನಡೆದದ್ದು ಲೋಂಡಾದಿಂದ ಆಚೆಗೆ. ಅಲ್ಲಿಂದ ಕ್ಯಾಸಲ್ ರಾಕ್, ಅದನ್ನು ದಾಟಿದರೆ ಪೋರ್ಚುಗೀಸರ ಗೋವಾ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದ ಫಲವಾಗಿ ಮಾರ್ಮಗೋವಾ ಬಂದರಿನಿಂದ ಸಹ್ಯಾದ್ರಿಯನ್ನು ಹತ್ತಿ ಬರುವ ಈ ಮಾರ್ಗ ಸಿದ್ಧವಾಯಿತು. ಕ್ಯಾಸಲ್ ರಾಕಿನಿಂದ ಕುಳೆಯವರೆಗಿನ ಸುಮಾರು 26 ಕಿಲೋಮೀಟರ್ ಬ್ರಗಾಂಜಾ ಘಾಟ್. ಅಲ್ಲಿ 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಏರು. ರಸ್ತೆಯಲ್ಲಿ ಇದು ಏರೆಂದೇ ಅನ್ನಿಸಲಾರದು. ಆದರೆ ಕಬ್ಬಿಣದ ಹಳಿಯ ಮೇಲೆ ಉರುಳುವ ಕಬ್ಬಿಣದ ಚಕ್ರಕ್ಕೆ ಅದು ಬಹಳ ಕಡಿದು. ಮಳೆಯಲ್ಲಿ ಹಳಿ ಒದ್ದೆಯಾದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಅದಕ್ಕೆ ಹಳಿಯ ಮೇಲೆ ಉಸುಕು ಬಿಡಬೇಕು, ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್ ಬೇಕು. ಸುರಂಗಗಳಲ್ಲಿ ಹೊಗೆ ಹೊರಹೋಗಲು ದಾರಿಯಿಲ್ಲದೆ ಇಂಜಿನ್ನಿನವರ ಮೇಲೆಯೇ ಕವಿಯುತ್ತಿತ್ತು. ಒದ್ದೆ ಅರಿವೆಯನ್ನು ಮೂಗು ಬಾಯಿಗೆ ಕಟ್ಟಿಕೊಂಡು, ತಲೆ ತಗ್ಗಿಸಿ ಕೂತು, ಬೆಳಕು ಕಾಣುವವರೆಗೆ ಉಸಿರು ಹಿಡಿಯಬೇಕಿತ್ತು.

1940ರ ದಶಕದ ಒಂದು ಮಳೆಗಾಲದ ರಾತ್ರಿ. ತಂದೆಯವರು ಆಗ ಮೊದಲನೆಯ ಫೈರ್‌ಮನ್. ಗೂಡ್ಸ್ ಗಾಡಿ ಘಾಟ್ ಇಳಿಯುತ್ತಿತ್ತು. ಒಂದು ತಿರುವಿನಾಚೆ ಹಳಿಯ ಮೇಲೆ ಗುಡ್ಡದ ಬಂಡೆಯೊಂದು ಜರಿದು ಬಿದ್ದಿತ್ತು. ಗಾಡಿ ನಿಧಾನವಾಗಿದ್ದುದರಿಂದ ಡ್ರೈವರರು ಅದನ್ನು ಹೇಗೋ ನಿಲ್ಲಿಸಿದರು. ಇಂಥ ಸಂದರ್ಭದಲ್ಲಿ ನಿಯಮವಿದೆ: ಗಾರ್ಡು ಹಿಂದಕ್ಕೆ, ಫೈರ್‌ಮನ್ ಮುಂದಕ್ಕೆ ನಡೆದು ಹೋಗಿ, ಗೊತ್ತಾದ ದೂರದಲ್ಲಿ ಹಳಿಯ ಮೇಲೆ ಪಟಾಕಿಗಳನ್ನು ಕಟ್ಟಬೇಕು. ಬೇರೆ ಗಾಡಿ ಬಂದರೆ ಅವು ಸಿಡಿದು ಡ್ರೈವರನನ್ನು ಎಚ್ಚರಿಸುತ್ತವೆ. ಅದನ್ನು ಮುಗಿಸಿ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವ ಕೆಲಸವೂ ತಂದೆಯವರ ಪಾಲಿಗೇ ಬಂತು.

ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಕೆಳಗೆ ಒದ್ದೆಯಾದ ಸ್ಲೀಪರುಗಳು, ಕೈಯಲ್ಲಿ ಒಂದು ಕಂದೀಲು. ಆ ಕಾಡಿನಲ್ಲಿ ಹುಲಿಗಳಿದ್ದವು. “ನನಗ ಆವತ್ತು ಮಳಿಗಿಂತ ನನ್ನ ಎದಿಯ ಸಪ್ಪಳನ ಜೋರು ಕೇಳ್ತಿತ್ತು ನೋಡವ್ವ” ಎನ್ನುತ್ತಿದ್ದರು. ಆ ಸಪ್ಪಳವನ್ನು ಅಡಗಿಸಲು ಅವರು ಗಟ್ಟಿಯಾಗಿ ತತ್ವಪದ ಹಾಡತೊಡಗಿದರು. ಗೊತ್ತಿದ್ದ ಪದಗಳೆಲ್ಲ ಮುಗಿದ ಮೇಲೆ ನಾಟಕದ ಪದಗಳನ್ನು ಹಾಡಿದರು. ಅವೂ ಮುಗಿದ ಮೇಲೆ ಬರೀ ಆಲಾಪ. ಹುಲಿ ಇದ್ದಿದ್ದರೂ ಅದನ್ನು ಕೇಳಿ ಓಡಿಹೋಗಿರಬೇಕೆಂದು ಅವರೇ ನಗುತ್ತಿದ್ದರು.

ಮುಂದಿನ ನಿಲ್ದಾಣದಲ್ಲಿದ್ದ ಗೋವೆಯ ಕ್ರೈಸ್ತ ತರುಣ ರೈಲು ನೌಕರರೊಬ್ಬರಿಗೆ ಕಂದೀಲು ಕಾಣುವ ಮೊದಲೇ ಹಾಡು ಕೇಳಿಸಿತಂತೆ. ತಂತಿಯ ಸುದ್ದಿ ಹೋದ ಮೇಲೆ ಆತ ತಂದೆಯವರಿಗೆ ಒಣಗಿದ ಅಂಗಿ ಕೊಟ್ಟು, ಬಿಸಿ ಕಾಫಿ ಕುಡಿಸಿ, ಕಪಾಟಿನಿಂದ ಒಂದು ಪಿಟೀಲು ತೆಗೆದರು. ಗೋವೆಯ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು ಮತ್ತು ಸ್ವರಲಿಪಿಯನ್ನು ಕಲಿಸುವ ಪದ್ಧತಿ ಹಳೆಯದು. ಆತನೂ ಹಾಗೆ ಕಲಿತವರು. ಬಂಡೆಯನ್ನು ಸರಿಸುವ ತಂಡ ಬರುವವರೆಗೆ ಇಬ್ಬರೂ ಹಾಡಿದರು, ಬಾರಿಸಿದರು. ಇವರಿಗೆ ಆತನ ಸಂಗೀತ ತಿಳಿಯದು, ಆತನಿಗೆ ಇವರದು ತಿಳಿಯದು. ಕೊಂಕಣಿ, ಕನ್ನಡ, ಹಿಂದಿ ಕಲೆಸಿದ ಮಾತು. ಆತ ಇವರನ್ನು ‘ಪಾತ್ರಾಂವ್’ ಎಂದು ಕರೆಯುತ್ತಿದ್ದರು. ಗೋವೆಯಲ್ಲಿ ಅದು ಗೆಳೆಯನನ್ನೂ ಧಣಿಯನ್ನೂ ಕರೆಯುವ ಮಾತು. ಆ ಸ್ನೇಹ ಮುಂದೆ ಬಹುಕಾಲ ಉಳಿಯಿತು.

ಕೇಳುಗನಾದ ಬಗೆ

ಘಾಟಿನ ಹೊಗೆ ಮತ್ತು ಒಲೆಯ ಝಳ ಸೇರಿ ನಮ್ಮ ತಂದೆಯವರ ಗಂಟಲನ್ನು ತಿಂದುಹಾಕಿದವು. ನಾನು ತಿಳಿವಳಿಕೆ ಬಂದು ಕೇಳುವ ಹೊತ್ತಿಗೆ ಅವರ ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋದರೆ ಕೆಮ್ಮು ಬರುತ್ತಿತ್ತು. ಅವರು ಅದನ್ನು ದೂರಿಕೊಂಡದ್ದನ್ನು ನಾನು ಕೇಳಿಲ್ಲ. ಹಾಡುವುದನ್ನು ಬಿಟ್ಟರು, ಕೇಳುವುದನ್ನು ಹಿಡಿದರು.

ಕೇಳುವುದಕ್ಕೆ ಅವರಿದ್ದ ಊರಿಗಿಂತ ಒಳ್ಳೆಯ ಊರು ಇರಲಿಲ್ಲ. ಕುಂದಗೋಳವು ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ಹಾದಿಯಲ್ಲೇ ಇದೆ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದುದು ಪ್ರಸಿದ್ಧ ಸಂಗತಿ. ಆ ಗಾಡಿಯಲ್ಲಿ ಅವರನ್ನು ಒಮ್ಮೊಮ್ಮೆ ಕಂಡದ್ದಿದೆಯೆಂದು ತಂದೆಯವರು ಹೇಳುತ್ತಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ಕೋಮಲ ದನಿ ಗಡುಸಾಗಿ, ಆ ಗಡಸು ದನಿಯಿಂದಲೇ ಅವರು ದೇಶವನ್ನು ಗೆದ್ದದ್ದು ತಂದೆಯವರಿಗೆ ಬಹಳ ದೊಡ್ಡ ಮಾತಾಗಿತ್ತು. ಅದೇ ಕಾಲದಲ್ಲಿ ಭೀಮಸೇನ ಜೋಶಿಯವರೂ ಕುಂದಗೋಳದಲ್ಲಿ ಗುರುಗಳ ಮನೆಯಲ್ಲಿದ್ದು ನೀರು ಹೊತ್ತು ಕಲಿಯುತ್ತಿದ್ದರು.

ಭೀಮಸೇನರ ಕಥೆಯಲ್ಲಿಯೂ ರೈಲು ಇದೆ. ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿದ ಗದುಗಿನ ಹುಡುಗ, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ ಗುರುವನ್ನು ಹುಡುಕುತ್ತ ಗ್ವಾಲಿಯರ್, ಕಲ್ಕತ್ತೆ, ಜಲಂಧರಗಳವರೆಗೆ ಅಲೆದದ್ದು ಎಲ್ಲರಿಗೂ ಗೊತ್ತು. ಮಗನನ್ನು ಹುಡುಕಿ ಕರೆತಂದ ತಂದೆಯವರು ಶಾಲೆಯ ಶಿಕ್ಷಕರಾಗಿದ್ದರು. ಇನ್ನು ಆ ತಟ್ಟೆಯಲ್ಲಿ ಹಾಡಿದ ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು ರೈಲು ನಿಲ್ದಾಣದಲ್ಲೇ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಮೈಯಲ್ಲಿ ಹುಷಾರಿಲ್ಲವೆನಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಕೊನೆಯುಸಿರೆಳೆದರು. ಅವರ ಸಮಾಧಿ ಮೀರಜದ ದರ್ಗಾದಲ್ಲಿದೆ. ತಂದೆಯವರು ಮೀರಜದ ಕಡೆಗೆ ಹೋದಾಗಲೆಲ್ಲ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಿದ್ದರು. “ಪ್ಲ್ಯಾಟ್‌ಫಾರ್ಮಿನ ಮ್ಯಾಲ ಜೀವ ಬಿಟ್ಟವ್ರು ಅಂದ್ರ ನಮ್ಮ ಮಂದಿನ ಅಲ್ಲೇನ?” ಎಂಬುದು ಅವರ ಮಾತು.

1947ರ ನಂತರ ಹುಬ್ಬಳ್ಳಿಯ ಆಂಗ್ಲೋ-ಇಂಡಿಯನ್ ಡ್ರೈವರುಗಳಲ್ಲಿ ಕೆಲವರು ದೇಶ ಬಿಟ್ಟು ಹೊರಟರು. ಹಾಗೆ ಹೊರಟವರೊಬ್ಬರಿಂದ ತಂದೆಯವರು ಕೀಲಿ ತಿರುಗಿಸುವ ಗ್ರಾಮೋಫೋನನ್ನು ಕೊಂಡರು. ಜೊತೆಗೆ ಒಂದು ಡಬ್ಬಿ ಮುಳ್ಳುಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳ ಒಂದು ಮೈಯಲ್ಲಿ ಮೂರು ನಿಮಿಷಗಳಷ್ಟೇ ಹಾಡು ಹಿಡಿಯುತ್ತಿತ್ತು. ಒಂದು ಗಂಟೆ ಹಾಡುವ ರಾಗವನ್ನು ಗವಾಯಿಗಳು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಗಂಗೂಬಾಯಿಯವರು ಎಳೆವಯಸ್ಸಿನಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಿಂದ ಕೊಟ್ಟ ತಟ್ಟೆಯೊಂದು ನಮ್ಮ ಮನೆಯಲ್ಲಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ತಂದೆಯವರ ಆಸೆ ರೇಡಿಯೋದ ಕಡೆಗೆ ತಿರುಗಿತು. ಅದನ್ನು ಕೊಳ್ಳಲು ಇನ್ನೂ ಆರು ವರ್ಷ ಕಾಯಬೇಕಾಯಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿ, ಆ ಪುಸ್ತಕವನ್ನು ಅವರು ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿಡುತ್ತಿದ್ದರು.

ವಿಳಂಬಿತ ಖ್ಯಾಲ್ ಅಷ್ಟು ನಿಧಾನವೇಕೆ ಎಂದು ನಾನೊಮ್ಮೆ ಕೇಳಿದೆ. ಆಗ ನನಗೆ ಹನ್ನೆರಡು ವಯಸ್ಸು. ಅವರು ಹೇಳಿದ ಉತ್ತರವನ್ನು ಯಾವ ಸಂಗೀತಶಾಸ್ತ್ರದ ಪುಸ್ತಕದಲ್ಲಿಯೂ ನಾನು ಕಂಡಿಲ್ಲ: “ಘಾಟ್ ಏರೂ ಮುಂದ ಅವಸರ ಮಾಡಿದ್ರ ಚಕ್ರ ಜಾರತಾವು, ಯವ್ವಾ. ಒಂದೊಂದ ತಿರುವು ಹಿಡಿದು, ಹಳಿಗೆ ಕಚ್ಚಿ ಹೋಗಬೇಕು. ಮ್ಯಾಲ ಮುಟ್ಟಿದ ಮ್ಯಾಲ ಓಡಿಸಲಿ ಬೇಕಾದ್ರ.” ಒಂದೊಂದೇ ಸ್ವರವನ್ನು ಹಿಡಿದು ರಾಗವನ್ನು ಬೆಳೆಸುವ ಕಿರಾಣಾ ಪದ್ಧತಿಯ ಬಗ್ಗೆ ಮುಂದೆ ನಾನು ಓದಿದ್ದೆಲ್ಲ ಈ ಮಾತಿನ ವಿಸ್ತರಣೆಯೆಂದೇ ತೋರಿದೆ.

ಅವರಲ್ಲಿ ಒಂದು ಕಟ್ಟುನಿಟ್ಟಿತ್ತು. ಬೆಳಗಿನ ಗಾಡಿಯ ಪಾಳಿ ಇದ್ದರೆ, ಯಾರೇ ಹಾಡುತ್ತಿರಲಿ, ರಾತ್ರಿ ಹತ್ತು ಹೊಡೆಯುವ ಮುಂಚೆ ಎದ್ದು ಬಂದುಬಿಡುತ್ತಿದ್ದರು. ನಿದ್ದೆಗೆಟ್ಟ ಡ್ರೈವರನ ಹಿಂದೆ ನೂರಾರು ಜನ ಕೂತಿರುತ್ತಾರೆಂಬುದು ಅವರ ವಿಚಾರ. ನಮ್ಮ ಹಿಂದುಸ್ತಾನಿ ಕಛೇರಿಗಳು ಭೈರವಿಯಿಂದ ಮುಗಿಯುತ್ತವೆ. ರಾತ್ರಿಯ ಬೈಠಕ್ಕಿನಲ್ಲಿ ಭೈರವಿ ಬರುವುದು ನಸುಕಿಗೆ. ಮೂವತ್ತೊಂಬತ್ತು ವರ್ಷದ ನೌಕರಿಯಲ್ಲಿ ತಾವು ಕೂತು ಕೇಳಿದ ಭೈರವಿಗಳನ್ನು ಎರಡು ಕೈಬೆರಳುಗಳಲ್ಲಿ ಎಣಿಸಬಹುದೆಂದು ಅವರು ಹೇಳುತ್ತಿದ್ದರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ನಂತರ ಅವರ ಪುಣ್ಯತಿಥಿಯ ಸಂಗೀತ ಸೇವೆ ಕುಂದಗೋಳದಲ್ಲಿ ನಡೆಯುತ್ತ ಬಂತು. ಅಲ್ಲಿಂದಲೂ ಎಷ್ಟೋ ಸಲ ಅವರು ನಡುರಾತ್ರಿಯ ಗೂಡ್ಸ್ ಗಾಡಿ ಹಿಡಿದು ಮರಳಿದ್ದುಂಟು.

ಗಡಿ ಮುಚ್ಚಿದ ವರ್ಷಗಳು

1955ರ ಆಗಸ್ಟ್ 15ರಂದು ಗೋವಾ ವಿಮೋಚನೆಗಾಗಿ ಸಾವಿರಾರು ಸತ್ಯಾಗ್ರಹಿಗಳು ನಿಶ್ಶಸ್ತ್ರರಾಗಿ ಹಲವು ಕಡೆಗಳಿಂದ ಗಡಿಯನ್ನು ದಾಟಿದರು. ಪೋರ್ಚುಗೀಸರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಆ ವರ್ಷವೇ ಗಡಿ ಮುಚ್ಚಿತು. ಘಾಟಿನ ಮೇಲೆ ರೈಲು ಸಂಚಾರ ನಿಂತಿತು. ತಂದೆಯವರು ಸತ್ಯಾಗ್ರಹಿಗಳ ಪರವಾಗಿದ್ದವರು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸನ್ನು ನೋಡಲು ಬಾಲಕನಾಗಿ ಹಿರಿಯರ ಜೊತೆ ಹೋಗಿದ್ದವರು. ಗೋವಾ ಸ್ವತಂತ್ರವಾಗಬೇಕೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಹಳಿಗಳು ಕ್ಯಾಸಲ್ ರಾಕಿನಲ್ಲಿ ಕೊನೆಗೊಂಡಾಗ ಪಿಟೀಲಿನ ಗೆಳೆಯ ಆಚೆ ಉಳಿದರು. ಕಾಗದಗಳೂ ನಿಂತವು. ಪಾಠ ಹೇಳುವಾಗ ನಾನು ‘ಗಡಿ ಮುಚ್ಚಲಾಯಿತು’ ಎಂದು ಒಂದೇ ವಾಕ್ಯದಲ್ಲಿ ದಾಟುತ್ತಿದ್ದೆ. ದಾಟುವಾಗಲೆಲ್ಲ, ಮಡಗಾಂವದ ವಿಳಾಸ ಬರೆದ, ಹಾಕಲಾಗದೆ ಉಳಿದ ಒಂದು ಲಕೋಟೆ ನಮ್ಮ ದೇವರ ಗೂಡಿನ ಬದಿಯಲ್ಲಿ ಆರು ವರ್ಷ ಇದ್ದದ್ದು ಮನಸ್ಸಿಗೆ ಬರುತ್ತಿತ್ತು.

1961ರ ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಗೋವೆಯನ್ನು ವಿಮೋಚನೆಗೊಳಿಸಿತು. ಮುಂದೆ ಗಾಡಿಗಳು ಮತ್ತೆ ಘಾಟ್ ಇಳಿಯತೊಡಗಿದವು. ಮೊದಲ ಅವಕಾಶದಲ್ಲೇ ತಂದೆಯವರು ರಜೆ ಹಾಕಿ ಮಡಗಾಂವಕ್ಕೆ ಹೋದರು. ಗೆಳೆಯನ ಮನೆ ಸಿಕ್ಕಿತು, ಗೆಳೆಯರೂ ಸಿಕ್ಕರು. ಪಿಟೀಲು ಗೋಡೆಯ ಮೇಲಿತ್ತು, ಆದರೆ ಸಂಧಿವಾತದಿಂದ ಆತನ ಬೆರಳುಗಳು ಸೆಟೆದುಕೊಂಡಿದ್ದವು. ಇವರ ಗಂಟಲು ಹೋಗಿತ್ತು. ಒಬ್ಬರಿಗೊಬ್ಬರು ಕೈ ತೋರಿಸಿ, ಗಂಟಲು ತೋರಿಸಿ ನಕ್ಕರಂತೆ. ಊಟವಾದ ಮೇಲೆ ಆ ಗೆಳೆಯರು ರೇಡಿಯೋ ಹಚ್ಚಿದರು. ಕಡಲ ತೀರದ ಆ ಮನೆಯಲ್ಲೂ ರಾತ್ರಿಯ ಹೊತ್ತಿಗೆ ಧಾರವಾಡ ಕೇಂದ್ರ ಸಣ್ಣಗೆ ಕೇಳಿಸುತ್ತಿತ್ತು. ಗಡಿ ಮುಚ್ಚಿದ್ದ ಆರು ವರ್ಷವೂ ಆತ ಅದನ್ನು ಹಚ್ಚುತ್ತಿದ್ದರಂತೆ. “ಪಾತ್ರಾಂವ್, ನೀನೂ ಇದನ್ನೇ ಕೇಳ್ತಿರ್ತೀ ಅಂತ ನನಗ ಗೊತ್ತಿತ್ತು” ಎಂದರಂತೆ. ಈ ಮಾತನ್ನು ಹೇಳುವಾಗ ತಂದೆಯವರು ಪ್ರತಿ ಸಲವೂ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದರು.

ಕೊನೆಯ ವರ್ಷಗಳು

1973ರಲ್ಲಿ ಅವರು ನಿವೃತ್ತರಾದರು. ಆ ವರ್ಷದ ಕುಂದಗೋಳದ ಪುಣ್ಯತಿಥಿಗೆ ನಾನೂ ಜೊತೆಗೆ ಹೋಗಿದ್ದೆ. ಬೆಳಗಿನವರೆಗೆ ಕೂತರು. ಭೈರವಿ ಮುಗಿದಾಗ ಸೂರ್ಯ ಮೂಡಿತ್ತು. ಅವರು ಜಮಖಾನೆಯಿಂದ ಏಳಲೇ ಇಲ್ಲ. ಸಂಘಟಕರು ಬಂದು ಚಹಾ ಕೊಟ್ಟಾಗ, “ಇವತ್ತ ನನಗ ಯಾವ ಗಾಡಿನೂ ಇಲ್ಲ” ಎಂದರು.

ಆದರೆ ಆಗಲೇ ಅವರ ಕಿವಿ ಮಂದವಾಗತೊಡಗಿತ್ತು. ಉಗಿಯ ಇಂಜಿನ್ನಿನ ಪಕ್ಕದಲ್ಲಿ ಹತ್ತಾರು ವರ್ಷ ನಿಂತವರಿಗೆ ಹೀಗಾಗುವುದು ಸಾಮಾನ್ಯ. ಮೊದಲು ತಂಬೂರಿಯ ಸೂಕ್ಷ್ಮ ನಾದ ಹೋಯಿತು, ಆಮೇಲೆ ಹೆಣ್ಣುಮಕ್ಕಳ ದನಿ ಹೋಯಿತು, 1980ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಗಂಟಲು ಹೋದಾಗ ಸುಮ್ಮನಿದ್ದವರು ಕಿವಿ ಹೋದಾಗ ಕೆಲವು ತಿಂಗಳು ಬಹಳ ಕುಗ್ಗಿದರು. ರೇಡಿಯೋದ ಮೇಲೆ ಹೊದಿಸಿದ ಅರಿವೆಯನ್ನು ತೆಗೆಯಲೂ ಬಿಡುತ್ತಿರಲಿಲ್ಲ.

ಒಂದು ದಿನ ಅವರೇ ಗ್ರಾಮೋಫೋನಿಗೆ ಕೀಲಿ ಕೊಡಲು ಹೇಳಿದರು. ಯಾವ ತಟ್ಟೆ ಹಾಕಿದೆನೆಂಬುದನ್ನು ನಾನು ಪಾಟಿಯ ಮೇಲೆ ಬರೆದು ತೋರಿಸಿದೆ. ಅವರು ಕೈಯನ್ನು ಮರದ ಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ತಾನು ಬರುವ ಕಡೆ ತಲೆ ತೂಗಿದರು, ಸಮ್ಮಿಗೆ ಸರಿಯಾಗಿ ಬೆರಳೆತ್ತಿದರು, ತಟ್ಟೆ ಮುಗಿದು ಮುಳ್ಳು ಕೆರೆಯುವ ಕ್ಷಣಕ್ಕೇ ಕೈ ತೆಗೆದರು. ಪೆಟ್ಟಿಗೆಯ ಕಂಪನವನ್ನು ಬೆರಳುಗಳು ಹಿಡಿದುಕೊಂಡಿದ್ದವು. ಉಳಿದದ್ದನ್ನು ನೆನಪು ಹಾಡಿತ್ತು. ಆ ಮೂರು ನಿಮಿಷದಲ್ಲಿ ಒಂದು ಮಾತ್ರೆಯೂ ಹೆಚ್ಚುಕಡಿಮೆಯಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಒಂದು ತಟ್ಟೆ, ಒಂದು ಪಾಟಿ. ಹೀಗೆ ಆರು ವರ್ಷ ನಡೆಯಿತು. 1986ರಲ್ಲಿ ಅವರು ತೀರಿಕೊಂಡರು.

ಘಾಟಿನ ಮೀಟರ್ ಗೇಜ್ ಹಳಿಗಳನ್ನು 1990ರ ದಶಕದಲ್ಲಿ ಕಿತ್ತು ಬ್ರಾಡ್ ಗೇಜ್ ಹಾಸಿದರು. ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಉತ್ಸವಗಳಿವೆ, ಸ್ಮಾರಕಗಳಿವೆ, ಇರಬೇಕಾದದ್ದೇ. ಅವರೆದುರು ಕೂತು, ಭೈರವಿಗೆ ಮೊದಲೇ ಎದ್ದು, ಕತ್ತಲಲ್ಲಿ ಪಾಳಿಗೆ ನಡೆದ ಫಿಟ್ಟರು, ಗುಮಾಸ್ತ, ಗಿರಣಿ ಕೆಲಸಗಾರ, ಡ್ರೈವರುಗಳು ಈ ಸೀಮೆಯ ಸಂಗೀತವನ್ನು ಎಷ್ಟರಮಟ್ಟಿಗೆ ಹೊತ್ತು ನಿಂತಿದ್ದರೆಂಬುದನ್ನು ಮುಂದಿನ ಇತಿಹಾಸಕಾರರು ಯಾರಾದರೂ ಬರೆಯಲಿ. ನಿಮ್ಮ ಮನೆಗಳಲ್ಲಿಯೂ ಅಂಥ ಅಜ್ಜಂದಿರು ಇದ್ದರೆ ಅವರ ಕೆಲಸದ ಹೆಸರನ್ನು, ಅವರು ಕೇಳಿದ ಹಾಡಿನ ಹೆಸರನ್ನು ಒಂದೇ ಪುಟದಲ್ಲಿ ಬರೆದಿಡಿ.

ಗ್ರಾಮೋಫೋನು ಮತ್ತು ನಲವತ್ತೆರಡು ತಟ್ಟೆಗಳು ಈಗಲೂ ನನ್ನ ಹತ್ತಿರ ಇವೆ. ಮುಳ್ಳುಗಳು ಮಾತ್ರ ಒಂದು ಹಿಡಿಯಷ್ಟು ಉಳಿದಿವೆ. ಹುಬ್ಬಳ್ಳಿಗೆ ಬಂದವರು ಮನೆಗೆ ಬನ್ನಿ. ಒಂದು ತಟ್ಟೆ ಹಚ್ಚೋಣ, ಚಹಾ ಕುಡಿಯೋಣ. ಯಾರಿಗೂ ಗಾಡಿಯ ಅವಸರವಿಲ್ಲದ ದಿನ ನೋಡಿ ಬನ್ನಿ.